ಸುಣ್ಣದ ಕಲ್ಲಿನ ಗುಡ್ಡ ಕೊರೆದ ಬ್ರೂನೆಲ್

ಪಂಪ್‌ವೆಲ್ ಸರ್ಕಲಿನಿಂದ ಮಂಗಳೂರು ಜಂಕ್ಷನ್ ರೈಲು ನಿಲ್ದಾಣಕ್ಕೆ ಹೆಚ್ಚು ದೂರವಿಲ್ಲ. ಅಲ್ಲಿಂದ ಉಡುಪಿ ಕಡೆಗೆ ಹೊರಟ ರೈಲು ಸ್ವಲ್ಪ ಹೊತ್ತಿನಲ್ಲೇ ಕುಲಶೇಖರದ ಸುರಂಗ ಹೊಕ್ಕು ಹೊರಬರುತ್ತದೆ. ಬೆಂಗಳೂರು ಕಡೆಗೆ ಹೊರಟರೆ ಸುಬ್ರಹ್ಮಣ್ಯ ರೋಡ್ ಮತ್ತು ಸಕಲೇಶಪುರದ ನಡುವಿನ ಘಾಟಿಯಲ್ಲಿ 57 ಸುರಂಗಗಳು ಸಿಗುತ್ತವೆ. ಕೊಂಕಣ ರೈಲ್ವೆಯ ಉದ್ದಕ್ಕೂ ಇರುವ ಸುರಂಗಗಳು ತೊಂಬತ್ತಕ್ಕೂ ಹೆಚ್ಚು. ಅವುಗಳಲ್ಲಿ ರತ್ನಾಗಿರಿ ಬಳಿಯ ಕರ್ಬುಡೆ ಸುರಂಗವೊಂದೇ ಆರೂವರೆ ಕಿ.ಮೀ. ಉದ್ದ. ರೈಲು ಕತ್ತಲೆಗೆ ನುಗ್ಗಿದ ಕೂಡಲೇ ಬೋಗಿಯಲ್ಲಿ ಮಕ್ಕಳೆಲ್ಲ ಕೂಗುತ್ತಾರೆ. ಬೆಳಕು ಬಂದ ಕೂಡಲೇ ಸುಮ್ಮನಾಗುತ್ತಾರೆ. ಆ ಕತ್ತಲೆಯನ್ನು ಯಾರು, ಹೇಗೆ ಕೊರೆದರು ಎಂದು ಕೇಳುವವರು ಕಡಿಮೆ.

ನಾನು ರಸಾಯನಶಾಸ್ತ್ರ ಕಲಿಸುವವನು. ಕ್ಯಾಲ್ಸಿಯಂ ಕಾರ್ಬೊನೇಟ್ ಪಾಠ ಬಂದಾಗ, ಇದನ್ನು ಕಲಿತು ಏನಾಗಬೇಕು ಸರ್ ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಅದಕ್ಕೆ ಉತ್ತರವಾಗಿ ನಾನು ಹೇಳುವ ಕಥೆಗಳಲ್ಲಿ ಒಂದು ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್‌ನದು. ಇಂಗ್ಲೆಂಡಿನ ಬಾಕ್ಸ್ ಎಂಬ ಗುಡ್ಡದಲ್ಲಿ ಸುಣ್ಣದ ಕಲ್ಲನ್ನು ಸೀಳಿ, ಆ ಕಾಲದ ಅತಿ ಉದ್ದದ ರೈಲು ಸುರಂಗವನ್ನು ತೆರೆದ ಎಂಜಿನಿಯರ್ ಇವನು. ತರಗತಿಯಲ್ಲಿ ಹತ್ತು ನಿಮಿಷದಲ್ಲಿ ಮುಗಿಸುವ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಅವನ ಸಾಧನೆಯ ಜೊತೆಗೆ ಅದಕ್ಕೆ ತೆತ್ತ ಬೆಲೆಯನ್ನೂ ಹೇಳುವುದು ನನ್ನ ಉದ್ದೇಶ.

ಸಾಲದ ಜೈಲು ಕಂಡ ಮನೆ

ಬ್ರೂನೆಲ್ ಹುಟ್ಟಿದ್ದು 1806ರ ಏಪ್ರಿಲ್ 9ರಂದು, ಇಂಗ್ಲೆಂಡಿನ ಬಂದರು ಪಟ್ಟಣ ಪೋರ್ಟ್ಸ್‌ಮತ್‌ನಲ್ಲಿ. ತಂದೆ ಮಾರ್ಕ್ ಬ್ರೂನೆಲ್ ಫ್ರಾನ್ಸಿನವನು. ಅಲ್ಲಿನ ಕ್ರಾಂತಿಯ ದಿನಗಳಲ್ಲಿ ಜೀವ ಉಳಿಸಿಕೊಳ್ಳಲು ಅಮೆರಿಕಕ್ಕೆ ಓಡಿ, ಆಮೇಲೆ ಇಂಗ್ಲೆಂಡಿಗೆ ಬಂದು ನೆಲೆಸಿದ. ತಾಯಿ ಸೋಫಿಯಾ ಕಿಂಗ್‌ಡಮ್ ಇಂಗ್ಲೆಂಡಿನವಳು. ಹಡಗಿನ ಹಾಯಿ ಎಳೆಯಲು ಬೇಕಾಗುವ ರಾಟೆಗಳನ್ನು ಯಂತ್ರದಿಂದ ತಯಾರಿಸುವ ವಿಧಾನವನ್ನು ಮಾರ್ಕ್ ಪೋರ್ಟ್ಸ್‌ಮತ್‌ನ ನೌಕಾ ಕಾರ್ಖಾನೆಗೆ ಮಾಡಿಕೊಟ್ಟಿದ್ದ. ಬುದ್ಧಿವಂತನಾದರೂ ಹಣದ ವ್ಯವಹಾರ ಅವನಿಗೆ ಕೂಡಿಬರಲಿಲ್ಲ. 1821ರಲ್ಲಿ ಸಾಲ ತೀರಿಸಲಾಗದೆ ಹೆಂಡತಿಯ ಜೊತೆಗೆ ಲಂಡನ್ನಿನ ಜೈಲು ಸೇರಿದ. ಅವನ ಪ್ರತಿಭೆ ಬೇರೆ ದೇಶದ ಪಾಲಾಗಬಾರದೆಂದು ಕೊನೆಗೆ ಸರ್ಕಾರವೇ ಹಣ ಕೊಟ್ಟು ಬಿಡಿಸಿತು.

ಆಗ ಮಗನಿಗೆ ಹದಿನೈದು ವರ್ಷ. ಅವನು ಫ್ರಾನ್ಸಿನಲ್ಲಿ ಓದುತ್ತಿದ್ದ. ಗಣಿತ ಮತ್ತು ರೇಖಾಚಿತ್ರವನ್ನು ತಂದೆಯೇ ಚಿಕ್ಕಂದಿನಲ್ಲಿ ಕೈಹಿಡಿದು ಕಲಿಸಿದ್ದ. ಪ್ಯಾರಿಸ್ಸಿನಲ್ಲಿ ಪ್ರಸಿದ್ಧ ಗಡಿಯಾರ ತಯಾರಕ ಬ್ರೆಗೆಯ ಬಳಿಯೂ ಅವನು ಕೆಲಸ ಕಲಿತ. ಕೂದಲೆಳೆಯಷ್ಟು ವ್ಯತ್ಯಾಸವೂ ಲೆಕ್ಕಕ್ಕೆ ಬರುವ ಕೆಲಸ ಅದು. 1822ರಲ್ಲಿ ಇಂಗ್ಲೆಂಡಿಗೆ ಮರಳಿ ತಂದೆಯ ಕಚೇರಿ ಸೇರಿದ. ಆಗ ಅವನಿಗೆ ಹದಿನಾರು, ನಮ್ಮ ಪ್ರಥಮ ಪಿಯುಸಿ ಮಕ್ಕಳ ವಯಸ್ಸು.

ನದಿಯ ಕೆಳಗೆ

1825ರಲ್ಲಿ ಮಾರ್ಕ್ ಬ್ರೂನೆಲ್ ಲಂಡನ್ನಿನ ಥೇಮ್ಸ್ ನದಿಯ ಕೆಳಗೆ ಸುರಂಗ ತೋಡಲು ಶುರುಮಾಡಿದ. ಹಡಗು ಓಡಾಡುವ ನದಿಯ ತಳದಲ್ಲಿ ಅಂಥ ಕೆಲಸ ಅದುವರೆಗೆ ಎಲ್ಲೂ ಕೈಗೂಡಿರಲಿಲ್ಲ. ಅಲ್ಲಿ ಇದ್ದದ್ದು ಮೆದು ಮಣ್ಣು. ಹಾಗಾಗಿ ಅವನು ಕಬ್ಬಿಣದ ದೊಡ್ಡ ಚೌಕಟ್ಟೊಂದನ್ನು ಮಾಡಿಸಿದ. ಅದರಲ್ಲಿ 36 ಗೂಡುಗಳು, ಗೂಡಿಗೊಬ್ಬ ಕೆಲಸಗಾರ. ಮುಂದಿನ ಹಲಗೆ ಸರಿಸಿ ಸ್ವಲ್ಪ ಮಣ್ಣು ತೆಗೆದು, ಹಲಗೆಯನ್ನು ಮುಂದೊತ್ತಿ, ಹಿಂದಿನಿಂದ ಇಟ್ಟಿಗೆ ಕಟ್ಟುತ್ತಾ ಹೋಗುವುದು ಅವನ ವಿಧಾನ. ಹಡಗಿನ ಮರವನ್ನು ಕೊರೆದು ತಿನ್ನುವ ಹುಳವನ್ನು ನೋಡಿ ಅವನಿಗೆ ಈ ಯೋಚನೆ ಬಂತೆಂದು ಹೇಳುತ್ತಾರೆ. ನಮ್ಮ ಬಂದರಿನ ಮರದ ದೋಣಿಯವರಿಗೂ ಆ ಹುಳದ ಕಾಟ ಗೊತ್ತು. ಇಂದು ಮೆಟ್ರೋ ಸುರಂಗ ಕೊರೆಯುವ ದೈತ್ಯ ಯಂತ್ರಗಳು ಆ ಚೌಕಟ್ಟಿನ ಸಂತಾನವೇ.

ಇಪ್ಪತ್ತನೆಯ ವಯಸ್ಸಿಗೆ ಇಸಂಬಾರ್ಡ್ ಆ ಕೆಲಸದ ಉಸ್ತುವಾರಿ ವಹಿಸಿಕೊಂಡ. ಹಗಲು ರಾತ್ರಿ ಸುರಂಗದಲ್ಲೇ ಇರುತ್ತಿದ್ದ. ಮೇಲಿನಿಂದ ತೊಟ್ಟಿಕ್ಕುತ್ತಿದ್ದದ್ದು ನಗರದ ಕೊಳಚೆ ಸೇರಿದ ನೀರು. ಕೆಲಸಗಾರರು ಜ್ವರ ಬಂದು ಮಲಗುತ್ತಿದ್ದರು. 1827ರ ಮೇ ತಿಂಗಳಲ್ಲಿ ನದಿ ಒಮ್ಮೆ ಒಳಗೆ ನುಗ್ಗಿತು. ನದಿಯ ತಳದ ತೂತಿಗೆ ಜೇಡಿಮಣ್ಣಿನ ಚೀಲಗಳನ್ನು ತುಂಬಿಸಿ ಮತ್ತೆ ಕೆಲಸ ಮುಂದುವರಿಸಿದರು. 1828ರ ಜನವರಿ 12ರಂದು ನೀರು ಎರಡನೆಯ ಬಾರಿ ನುಗ್ಗಿದಾಗ ಬ್ರೂನೆಲ್ ತೋಡುವ ಮುಖದಲ್ಲೇ ನಿಂತಿದ್ದ. ಬಿದ್ದ ಮರದ ತೊಲೆಗೆ ಕಾಲು ಸಿಕ್ಕಿಕೊಂಡಿತು. ಹೇಗೋ ಬಿಡಿಸಿಕೊಂಡಾಗ ಉಕ್ಕಿದ ನೀರೇ ಅವನನ್ನು ಎತ್ತಿ ಬಾವಿಯ ಬಾಯಿಗೆ ತಂದಿತು. ಅಲ್ಲಿ ಸಹಾಯಕನೊಬ್ಬ ಹಿಡಿದೆಳೆದ. ಜೊತೆಗಿದ್ದ ಆರು ಮಂದಿ ಹೊರಬರಲಿಲ್ಲ.

ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಸುರಂಗದ ಕೆಲಸ ಹಣವಿಲ್ಲದೆ ಏಳು ವರ್ಷ ನಿಂತುಹೋಯಿತು. ಅದು ಮುಗಿದು ಜನ ನಡೆದಾಡತೊಡಗಿದ್ದು 1843ರಲ್ಲಿ. ಈಗಲೂ ಅದರಲ್ಲಿ ರೈಲು ಓಡುತ್ತಿದೆ. ಈ ಭಾಗವನ್ನು ನೆನಪಿಟ್ಟುಕೊಳ್ಳಿ. ಭೂಮಿಯ ಕೆಳಗೆ ನೀರು ನುಗ್ಗಿದರೆ ಏನಾಗುತ್ತದೆಂದು ಬ್ರೂನೆಲ್ ಪುಸ್ತಕದಲ್ಲಿ ಓದಿ ಕಲಿತವನಲ್ಲ.

ಇಪ್ಪತ್ತಾರರ ಹುಡುಗನಿಗೆ 190 ಕಿ.ಮೀ. ರೈಲು ದಾರಿ

ಚೇತರಿಸಿಕೊಳ್ಳಲೆಂದು ಅವನು ಹೋದದ್ದು ಬ್ರಿಸ್ಟಲ್ ನಗರದ ಕ್ಲಿಫ್ಟನ್ ಎಂಬಲ್ಲಿಗೆ. ಅಲ್ಲಿ ಆಳ ಕಣಿವೆಗೆ ತೂಗುಸೇತುವೆ ಕಟ್ಟಲು ಸ್ಪರ್ಧೆ ಏರ್ಪಟ್ಟಿತ್ತು. ಮೊದಲ ಸಲ ಅವನ ನಕ್ಷೆ ತಿರಸ್ಕಾರವಾಯಿತು. ಎರಡನೆಯ ಸಲ ಗೆದ್ದ. ಆದರೆ ಹಣ ಸಾಲದೆ ಸೇತುವೆ ಅರ್ಧಕ್ಕೆ ನಿಂತಿತು. ಅದು ಪೂರ್ತಿಯಾದದ್ದು ಅವನು ತೀರಿಕೊಂಡ ಐದು ವರ್ಷದ ನಂತರ, 1864ರಲ್ಲಿ. ಪಂಪ್‌ವೆಲ್ ಮೇಲ್ಸೇತುವೆಗೆ ಹತ್ತಿರ ಹತ್ತಿರ ಹತ್ತು ವರ್ಷ ಕಾದ ನಮಗೆ ಇಂಥ ಕಥೆ ಹೊಸದಲ್ಲ.

ಆ ಸ್ಪರ್ಧೆಯಿಂದ ಬ್ರಿಸ್ಟಲ್‌ನ ವ್ಯಾಪಾರಿಗಳಿಗೆ ಅವನ ಪರಿಚಯವಾಯಿತು. ಲಂಡನ್‌ನಿಂದ ಬ್ರಿಸ್ಟಲ್‌ಗೆ ರೈಲು ಬೇಕೆಂದು ಅವರು ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪೆನಿ ಕಟ್ಟಲು ಹೊರಟಾಗ, 1833ರ ಮಾರ್ಚ್‌ನಲ್ಲಿ ಅವನನ್ನೇ ಎಂಜಿನಿಯರ್ ಆಗಿ ಆರಿಸಿದರು. ಆಗ ಅವನಿಗೆ 27 ತುಂಬಿರಲಿಲ್ಲ. ಕುದುರೆಯೇರಿ ಸುಮಾರು 190 ಕಿ.ಮೀ. ದಾರಿಯ ನೆಲವನ್ನು ಸ್ವತಃ ಅಳೆದ. ಹಗಲಿಡೀ ಸರ್ವೆ, ರಾತ್ರಿಯಿಡೀ ನಕ್ಷೆ. ಪಾರ್ಲಿಮೆಂಟಿನ ಸಮಿತಿಯ ಮುಂದೆ ಹನ್ನೊಂದು ದಿನ ನಿಂತು ವಕೀಲರ ಪ್ರಶ್ನೆಗಳಿಗೆ ಉತ್ತರ ಕೊಟ್ಟ. ಮೊದಲ ಮಸೂದೆ ಬಿದ್ದುಹೋಯಿತು. 1835ರ ಆಗಸ್ಟ್‌ನಲ್ಲಿ ಎರಡನೆಯದಕ್ಕೆ ಒಪ್ಪಿಗೆ ಸಿಕ್ಕಿತು.

ವಿರೋಧಿಗಳು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಬಾತ್ ನಗರದ ಸಮೀಪದ ಬಾಕ್ಸ್ ಗುಡ್ಡದ ಸುರಂಗದ ಬಗ್ಗೆ. ಸುಮಾರು 2.9 ಕಿ.ಮೀ. ಉದ್ದ, ಬಾಣದಂತೆ ನೇರ, ನೂರು ಅಡಿಗೆ ಒಂದು ಅಡಿ ಇಳಿಜಾರು. ಡಯನೀಶಿಯಸ್ ಲಾರ್ಡ್ನರ್ ಎಂಬ ಆ ಕಾಲದ ಹೆಸರಾಂತ ವಿಜ್ಞಾನ ಬರಹಗಾರ ಒಂದು ಲೆಕ್ಕ ಮಾಡಿ ತೋರಿಸಿದ. ಒಳಗೆ ಬ್ರೇಕ್ ಕೈಕೊಟ್ಟರೆ ರೈಲು ಗಂಟೆಗೆ 120 ಮೈಲು ವೇಗದಲ್ಲಿ ಹೊರಬರುತ್ತದೆ, ಅಷ್ಟರಲ್ಲಿ ಪ್ರಯಾಣಿಕರು ಉಸಿರುಗಟ್ಟಿರುತ್ತಾರೆ ಎಂಬುದು ಅವನ ವಾದ. ಆ ಲೆಕ್ಕದಲ್ಲಿ ಘರ್ಷಣೆಯೂ ಗಾಳಿಯ ತಡೆಯೂ ಸೇರಿಲ್ಲ ಎಂದು ಬ್ರೂನೆಲ್ ತೋರಿಸಿಕೊಟ್ಟ. ಭೌತಶಾಸ್ತ್ರದ ಪ್ರಶ್ನೆಗಳಲ್ಲಿ ಘರ್ಷಣೆಯನ್ನು ಕಡೆಗಣಿಸಿರಿ ಎಂಬ ವಾಕ್ಯ ಓದಿ ಓದಿ ಅದನ್ನು ಮರೆತೇಬಿಡುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು.

ಕಲ್ಲಿನ ಗುಣ

ಈಗ ಆ ಗುಡ್ಡದ ಒಳಗೆ ಏನಿತ್ತೆಂದು ನೋಡೋಣ. ಸುರಂಗದ ಪಶ್ಚಿಮದ ಭಾಗದಲ್ಲಿ ಜೇಡಿಮಣ್ಣು ಮತ್ತು ಮೆದು ಪದರಗಳು. ಪೂರ್ವದ ಕಡೆ ಸುಮಾರು ಅರ್ಧ ಮೈಲು ಸುಣ್ಣದ ಕಲ್ಲು. ಬಾತ್ ಸ್ಟೋನ್ ಎಂದು ಹೆಸರಾದ, ಮೀನಿನ ಮೊಟ್ಟೆಯಂಥ ಸಣ್ಣ ಸಣ್ಣ ಉರುಟು ಕಣಗಳು ಅಂಟಿಕೊಂಡಂತೆ ಕಾಣುವ, ಜೇನುಬಣ್ಣದ ಕಲ್ಲು ಅದು. ಕೋಟ್ಯಂತರ ವರ್ಷಗಳ ಹಿಂದೆ ಬೆಚ್ಚಗಿನ ಆಳವಿಲ್ಲದ ಸಮುದ್ರದಲ್ಲಿ ಹುಟ್ಟಿದ್ದು. ನಮ್ಮಲ್ಲಿ ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಆ ಚಿಪ್ಪಿನಲ್ಲಿರುವುದೂ ಈ ಕಲ್ಲಿನಲ್ಲಿರುವುದೂ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲೂ ಇದೇ ಜಾತಿಯದು.

ಬಾತ್ ಸ್ಟೋನ್‌ಗೆ ನಮ್ಮ ಕೆಂಪು ಕಲ್ಲಿನ ಒಂದು ಗುಣ ಇದೆ. ನೆಲದಿಂದ ತೆಗೆದಾಗ ಮೆದು. ಗಾಳಿಗೆ ಒಣಗಿದ ಹಾಗೆ ಗಟ್ಟಿ. ಹಾಗಾಗಿ ಕೊರೆಯಲು ಸುಲಭ, ಕೊರೆದ ಮೇಲೆ ತಾನಾಗಿ ನಿಲ್ಲುವ ಶಕ್ತಿಯೂ ಉಂಟು. ಈ ನಂಬಿಕೆಯ ಮೇಲೆ ಬ್ರೂನೆಲ್ ಸುಣ್ಣದ ಕಲ್ಲಿನ ಭಾಗಕ್ಕೆ ಇಟ್ಟಿಗೆಯ ಕಮಾನು ಬೇಡವೆಂದು ತೀರ್ಮಾನಿಸಿದ. ಜೇಡಿಮಣ್ಣಿನ ಭಾಗಕ್ಕೆ ಮಾತ್ರ ಇಟ್ಟಿಗೆ. ಅದಕ್ಕೇ ಸುಮಾರು 3 ಕೋಟಿ ಇಟ್ಟಿಗೆ ಬೇಕಾಯಿತು.

ಆದರೆ ಸುಣ್ಣದ ಕಲ್ಲಿಗೆ ಒಂದು ಒಳಶತ್ರು ಇದೆ. ಅದು ನೀರು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲವಾಗುತ್ತದೆ. ಆ ನೀರು ಕಲ್ಲಿನ ಸಂದಿಗಳಲ್ಲಿ ಇಳಿಯುವಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗುತ್ತದೆ. ನಿಮ್ಮ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಈ ಸಮೀಕರಣ ನೆಲದೊಳಗೆ ಸಾವಿರಾರು ವರ್ಷ ನಡೆಯುತ್ತದೆ. ಸಂದಿ ಬಿರುಕಾಗುತ್ತದೆ, ಬಿರುಕು ಓಣಿಯಾಗುತ್ತದೆ, ಕೆಲವು ಕಡೆ ಗುಹೆಯೇ ಆಗುತ್ತದೆ. ಆದ್ದರಿಂದ ಸುಣ್ಣದ ಕಲ್ಲಿನಲ್ಲಿ ಕೊರೆಯುವವನಿಗೆ ಮುಂದಿನ ಏಟಿಗೆ ಗಟ್ಟಿ ಕಲ್ಲು ಸಿಗುತ್ತದೋ, ನೀರು ಚಿಮ್ಮುತ್ತದೋ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಬಾಕ್ಸ್‌ನಲ್ಲೂ ಹಾಗೇ ಆಯಿತು. ಚಳಿಗಾಲದ ಮಳೆಗೆ ಬಿರುಕುಗಳಿಂದ ನೀರು ನುಗ್ಗಿ, ಪಂಪುಗಳು ಸೋತು ಕೆಲಸ ನಿಂತಿತು. ಇನ್ನೂ ದೊಡ್ಡ ಉಗಿಯಂತ್ರ ತಂದು ನೀರೆತ್ತಿದ ಮೇಲೆಯೇ ಮುಂದುವರಿಯಿತು.

ಕೊರೆದದ್ದು ಹೇಗೆ

1836ರಿಂದ ಗುಡ್ಡದ ತಲೆಯ ಮೇಲಿನಿಂದ ಎಂಟು ಬಾವಿಗಳನ್ನು ತೋಡಿದರು. ಆಳವಾದದ್ದು ಸುಮಾರು 90 ಮೀಟರ್. ಮಣ್ಣು ಕಲ್ಲಿನ ಪದರಗಳು ಹೇಗಿವೆಯೆಂದು ತಿಳಿಯಲು ಅವು ಮೊದಲು ಬೇಕಾದವು. ಆಮೇಲೆ ಬಾವಿಯ ತಳದಿಂದ ಎರಡೂ ದಿಕ್ಕಿಗೆ ಕೊರೆಯತೊಡಗಿದರು. ಹೀಗೆ ಮಾಡಿದರೆ ಗುಡ್ಡದ ಎರಡು ತುದಿಗಳಲ್ಲಿ ಮಾತ್ರವಲ್ಲ, ಒಳಗೆ ಹಲವು ಕಡೆ ಒಟ್ಟಿಗೆ ಕೆಲಸ ಸಾಗುತ್ತದೆ. ಪಶ್ಚಿಮದ ದೊಡ್ಡ ಪಾಲನ್ನು ಜಾರ್ಜ್ ಬರ್ಜ್ ಎಂಬ ಗುತ್ತಿಗೆದಾರ ವಹಿಸಿಕೊಂಡ. ಸುಣ್ಣದ ಕಲ್ಲಿನ ಪಾಲನ್ನು ಆ ಊರಿನ ಕಲ್ಲಿನ ಸ್ವಭಾವ ಗೊತ್ತಿದ್ದ ಸ್ಥಳೀಯರಾದ ಲೂಯಿಸ್ ಮತ್ತು ಬ್ರೂವರ್ ತೆಗೆದುಕೊಂಡರು. ದಿನನಿತ್ಯದ ಮೇಲ್ವಿಚಾರಣೆ ವಿಲಿಯಂ ಗ್ಲೆನ್ನಿ ಎಂಬ ಎಂಜಿನಿಯರನದು.

ಆಗ ವಿದ್ಯುತ್ ಇಲ್ಲ, ಗಾಳಿಯ ಒತ್ತಡದ ಡ್ರಿಲ್ ಇಲ್ಲ. ನೊಬೆಲ್‌ನ ಡೈನಮೈಟ್ ಬಂದದ್ದು 1867ರಲ್ಲಿ. ಆದ್ದರಿಂದ ಎಲ್ಲವೂ ಕೈಕೆಲಸ. ಒಬ್ಬ ಉಕ್ಕಿನ ಉಳಿಯನ್ನು ಕಲ್ಲಿಗೆ ಹಿಡಿದು ಪ್ರತಿ ಏಟಿಗೆ ಸ್ವಲ್ಪ ತಿರುಗಿಸುತ್ತಾನೆ, ಇನ್ನೊಬ್ಬ ಸುತ್ತಿಗೆಯಿಂದ ಹೊಡೆಯುತ್ತಾನೆ. ತೂತು ಆಳವಾದ ಮೇಲೆ ಕರಿಮದ್ದು ತುಂಬಿ, ಬತ್ತಿ ಇಟ್ಟು, ಬಾಯಿಗೆ ಜೇಡಿಮಣ್ಣು ಜಡಿದು, ಬೆಂಕಿ ಹಚ್ಚಿ ಓಡುವುದು. ಸಿಡಿದ ಮೇಲೆ ಹೊಗೆ ಇಳಿಯಲು ಕಾಯುವುದು. ಸಡಿಲಾದ ಕಲ್ಲನ್ನು ಹಾರೆಯಿಂದ ಕೆಡವಿ, ತೊಟ್ಟಿಗೆ ತುಂಬಿ, ಬಾವಿಯ ತಳಕ್ಕೆ ಸಾಗಿಸುವುದು. ಮೇಲೆ ಕುದುರೆಗಳು ರಾಟೆ ತಿರುಗಿಸಿ ಅದನ್ನು ಎತ್ತುವುದು. ನಂತರ ಮತ್ತೆ ಉಳಿ, ಮತ್ತೆ ಸುತ್ತಿಗೆ. ವಾರಕ್ಕೆ ಒಂದು ಟನ್ ಮದ್ದು, ಬೆಳಕಿಗೆ ಒಂದು ಟನ್ ಮೇಣದಬತ್ತಿ ಖರ್ಚಾಗುತ್ತಿತ್ತು.

ಎಂಜಿನಿಯರುಗಳು ಇಂದು ಸಾಂಪ್ರದಾಯಿಕ ವಿಧಾನ ಎಂದು ಕರೆಯುವುದು ಇದೇ ಕ್ರಮವನ್ನು. ಕೊರೆ, ತುಂಬು, ಸಿಡಿಸು, ಹೊಗೆ ಕಳೆ, ಕಲ್ಲು ಸಾಗಿಸು, ಆಸರೆ ಕೊಡು. ಈಗ ಉಳಿಯ ಬದಲು ಡ್ರಿಲ್ಲಿಂಗ್ ಯಂತ್ರ, ಇಟ್ಟಿಗೆಯ ಬದಲು ಗೋಡೆಗೆ ಸಿಂಪಡಿಸುವ ಕಾಂಕ್ರೀಟ್ ಮತ್ತು ಕಲ್ಲಿಗೆ ಹೊಡೆಯುವ ಉದ್ದ ಬೋಲ್ಟು. ನಮ್ಮ ಕೊಂಕಣ ರೈಲ್ವೆಯ ಗಟ್ಟಿ ಕಲ್ಲಿನ ಸುರಂಗಗಳನ್ನು ಹೀಗೆಯೇ ತೋಡಿದರು. ಗೋವಾದ ಪೆರ್ನೆಮ್‌ನಂಥ ಮೆದು ಮಣ್ಣಿನ ಸುರಂಗಗಳು ಮಾತ್ರ ಮತ್ತೆ ಮತ್ತೆ ಕುಸಿದು, ಜೀವಗಳನ್ನು ತೆಗೆದುಕೊಂಡು, ಇಡೀ ದಾರಿಯನ್ನೇ ತಡಮಾಡಿದವು. ಅದು ಮುಗಿದ ಮೇಲೆಯೇ 1998ರ ಜನವರಿ 26ರಂದು ಮಂಗಳೂರಿನಿಂದ ಮುಂಬಯಿವರೆಗೆ ದಾರಿ ತೆರೆಯಿತು. 2019ರ ಆಗಸ್ಟ್ ಮಳೆಗೆ ಕುಲಶೇಖರದ ಬಳಿ ಹಳಿಯ ಮೇಲೆ ಮಣ್ಣು ಕುಸಿದು ಕೆಲವು ದಿನ ರೈಲು ನಿಂತದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹೆಸರು ಯಾವುದೇ ಇರಲಿ, ಕಲ್ಲು ಮಣ್ಣಿನ ಸ್ವಭಾವ ತಿಳಿಯದೆ ಸುರಂಗವಿಲ್ಲ.

1841ರ ಜೂನ್ 30ರಂದು ಬಾಕ್ಸ್ ಸುರಂಗದಲ್ಲಿ ಮೊದಲ ರೈಲು ಓಡಿತು. ಎರಡು ಕಡೆಯಿಂದ ಕೊರೆದವರು ಕಲ್ಲಿನ ನಡುವೆ ಸೇರಿದಾಗ ವ್ಯತ್ಯಾಸ ಎರಡು ಅಂಗುಲಕ್ಕೂ ಕಡಿಮೆ ಇತ್ತು. ಸಂತೋಷ ತಡೆಯಲಾರದೆ ಬ್ರೂನೆಲ್ ತನ್ನ ಬೆರಳಿನ ಉಂಗುರ ತೆಗೆದು ಕೆಲಸಗಾರರ ಮುಖ್ಯಸ್ಥನಿಗೆ ಕೊಟ್ಟನೆಂದು ಕಥೆ ಇದೆ. ಅವನ ಹುಟ್ಟುಹಬ್ಬದ ದಿನ ಮೂಡುವ ಸೂರ್ಯನ ಬೆಳಕು ಸುರಂಗದ ಆಚೆ ತುದಿಯವರೆಗೂ ಬೀಳುತ್ತದೆಂದು ಇನ್ನೊಂದು ಕಥೆ. ಪರೀಕ್ಷಿಸಿದವರಿಗೆ ಅದು ಪೂರ್ತಿ ಸರಿಬರಲಿಲ್ಲ.

ಇಟ್ಟಿಗೆ ಹಾಕದ ಸುಣ್ಣದ ಕಲ್ಲಿನ ಭಾಗ ಅಪಾಯವೆಂದು ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ಎಚ್ಚರಿಸಿದ್ದ. ರೈಲಿನ ಅದುರಿಗೆ ಕಲ್ಲು ಬೀಳುತ್ತದೆಂಬುದು ಅವನ ಮಾತು. ಬ್ರೂನೆಲ್ ಒಪ್ಪಲಿಲ್ಲ. ಸುರಂಗವೇನೋ ಕುಸಿಯಲಿಲ್ಲ. ಆದರೆ ನಂತರದ ಕಾಲದಲ್ಲಿ ಸಡಿಲಾದ ಕಡೆಗಳಿಗೆ ಇಟ್ಟಿಗೆಯ ಆಸರೆ ಕೊಡಬೇಕಾಯಿತು. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿತ್ತು.

ಲೆಕ್ಕಕ್ಕೆ ಬಾರದವರು

ಕೆಲಸದ ಕೊನೆಯ ತಿಂಗಳುಗಳಲ್ಲಿ ಸುಮಾರು 4,000 ಮಂದಿ ಮತ್ತು 300 ಕುದುರೆಗಳು ಆ ಗುಡ್ಡದಲ್ಲಿ ದುಡಿಯುತ್ತಿದ್ದರು. ಊರಲ್ಲಿ ಅಷ್ಟು ಜನಕ್ಕೆ ಜಾಗವಿರಲಿಲ್ಲ. ಪಾಳಿ ಮುಗಿಸಿ ಬಂದವನು, ಪಾಳಿಗೆ ಎದ್ದು ಹೋದವನ ಹಾಸಿಗೆಯಲ್ಲೇ ಮಲಗುತ್ತಿದ್ದ. ಮದ್ದು ಬೇಗ ಸಿಡಿದು, ಕಲ್ಲು ಬಿದ್ದು, ಬಾವಿಗೆ ಜಾರಿ, ನೀರು ನುಗ್ಗಿ ಸುಮಾರು ನೂರು ಮಂದಿ ಸತ್ತರು. ಅವರ ಹೆಸರುಗಳು ಇತಿಹಾಸದ ಪುಸ್ತಕಗಳಲ್ಲಿ ಸಿಗುವುದಿಲ್ಲ. ಸುರಂಗದ ಪಶ್ಚಿಮದ ಬಾಗಿಲಿಗೆ ಬ್ರೂನೆಲ್ ಅರಮನೆಯ ದ್ವಾರದಂತೆ ಕಲ್ಲಿನ ಅಲಂಕಾರ ಮಾಡಿಸಿದ. ಅದು ಇಂದಿಗೂ ಚೆಂದ ನಿಂತಿದೆ.

1839ರ ಸೆಪ್ಟೆಂಬರಿನಿಂದ 1841ರ ಜೂನ್‌ವರೆಗೆ ದೊಡ್ಡ ಗಾಯಗಳಾಗಿ ಬಾತ್ ನಗರದ ಆಸ್ಪತ್ರೆ ಸೇರಿದ ರೈಲ್ವೆ ಕೆಲಸಗಾರರ ಒಂದು ಪಟ್ಟಿ ಇದೆ. ಅದರಲ್ಲಿ 131 ಮಂದಿ. ಸಣ್ಣಪುಟ್ಟ ಗಾಯದವರು ಆ ಲೆಕ್ಕದಲ್ಲಿಲ್ಲ. ಅದನ್ನು ತೋರಿಸಿದಾಗ, ಕೆಲಸದ ಗಾತ್ರಕ್ಕೂ ಬಳಸಿದ ಮದ್ದಿಗೂ ಹೋಲಿಸಿದರೆ ಈ ಸಂಖ್ಯೆ ಸಣ್ಣದೇ ಎಂಬ ಅರ್ಥದಲ್ಲಿ ಬ್ರೂನೆಲ್ ಉತ್ತರ ಕೊಟ್ಟ. 1846ರಲ್ಲಿ ರೈಲ್ವೆ ಕೂಲಿಗಳ ಸ್ಥಿತಿ ವಿಚಾರಿಸಲು ಪಾರ್ಲಿಮೆಂಟ್ ಸಮಿತಿ ನೇಮಿಸಿತು. ಅಪಘಾತಕ್ಕೆ ಕೆಲಸ ಕೊಟ್ಟವರನ್ನೇ ಹೊಣೆ ಮಾಡುವ ಕಾನೂನು ಬೇಕೇ ಎಂಬ ಮಾತು ಬಂದಾಗ ಬ್ರೂನೆಲ್ ಅದರ ವಿರುದ್ಧವೇ ನಿಂತ. ಸಮಿತಿ ಅಂಥ ಕಾನೂನು ಬೇಕೆಂದೇ ಶಿಫಾರಸು ಮಾಡಿತು. ಪಾರ್ಲಿಮೆಂಟ್ ಅದನ್ನು ಮೂಲೆಗೆ ತಳ್ಳಿತು.

ಈ ಭಾಗ ನನ್ನನ್ನು ಕಾಡುತ್ತದೆ. ಕೂಲಿಯ ಕಷ್ಟ ಗೊತ್ತಿಲ್ಲದ ಶ್ರೀಮಂತನೊಬ್ಬ ಹೀಗೆ ಹೇಳಿದ್ದರೆ ಆಶ್ಚರ್ಯವಿರಲಿಲ್ಲ. ಥೇಮ್ಸ್ ನದಿಯ ಕೆಳಗೆ ಆರು ಮಂದಿಯ ಜೊತೆಗೆ ನೀರಿನಲ್ಲಿ ಮುಳುಗಿ, ಬದುಕಿ ಬಂದವನು ಅವನು. ಅಂಥವನ ಕಣ್ಣಿಗೂ ಹದಿಮೂರು ವರ್ಷದಲ್ಲಿ ಮನುಷ್ಯರು ಸಂಖ್ಯೆಗಳಾಗಿಬಿಟ್ಟಿದ್ದರು. ಅವನ ಕಾಲದ ಬೇರೆ ಎಂಜಿನಿಯರುಗಳಿಗಿಂತ ಅವನು ಕೆಟ್ಟವನಾಗಿರಲಿಲ್ಲ ಎಂಬುದೂ ನಿಜ. ಕಾಲವೇ ಹಾಗಿತ್ತು ಎಂದು ಹೇಳಿ ಮುಗಿಸಬಹುದು. ಆದರೆ ಆ ಕಾಲದಲ್ಲೇ ಕಾನೂನು ಬೇಕೆಂದು ಹೇಳಿದವರೂ ಇದ್ದರಲ್ಲ.

ಸೋಲುಗಳು, ಆಸ್ಪತ್ರೆ, ಕೊನೆ

ಬ್ರೂನೆಲ್‌ನ ಉಳಿದ ಬದುಕು ಗೆಲುವು ಸೋಲುಗಳ ಸರಮಾಲೆ. ಹಳಿಗಳ ನಡುವೆ ಏಳು ಅಡಿ ಅಂತರವಿಟ್ಟರೆ ರೈಲು ವೇಗವಾಗಿಯೂ ನೆಮ್ಮದಿಯಾಗಿಯೂ ಓಡುತ್ತದೆಂದು ಅವನು ಹಾಗೆಯೇ ಹಾಕಿಸಿದ. ಓಟದಲ್ಲಿ ಅವನ ಮಾತು ನಿಜವಾಯಿತು. ಆದರೆ ದೇಶದ ಹೆಚ್ಚಿನ ಕಡೆ ಕಡಿಮೆ ಅಗಲದ ಹಳಿಗಳೇ ಇದ್ದವು. ಎರಡು ಸೇರುವಲ್ಲಿ ಜನ, ಸಾಮಾನು ಎಲ್ಲ ಇಳಿದು ಹತ್ತಬೇಕಾಯಿತು. ಕೊನೆಗೆ 1892ರಲ್ಲಿ ಅವನ ಅಗಲದ ಹಳಿಗಳು ಪೂರ್ತಿ ಹೋದವು. ಹಾಸನ–ಮಂಗಳೂರು ದಾರಿಯ ಮೀಟರ್ ಗೇಜ್ ಬದಲಿಸಲು 1996ರಲ್ಲಿ ರೈಲು ನಿಂತದ್ದು, ಪ್ರಯಾಣಿಕರ ರೈಲು ಮತ್ತೆ ಬರಲು 2007ರ ಡಿಸೆಂಬರ್‌ವರೆಗೆ ಕಾದದ್ದು ನಿಮ್ಮ ಹೆತ್ತವರಿಗೆ ಗೊತ್ತು. ಒಬ್ಬನದು ಎಷ್ಟೇ ಚೆನ್ನಾಗಿದ್ದರೂ ಹತ್ತು ಮಂದಿಯ ಜೊತೆ ಹೊಂದದಿದ್ದರೆ ಉಪಯೋಗವಿಲ್ಲ.

ಎಂಜಿನ್ ಬದಲು ಕೊಳವೆಯೊಳಗಿನ ಗಾಳಿಯ ಒತ್ತಡದಿಂದ ರೈಲು ಎಳೆಯುವ ಪ್ರಯೋಗವನ್ನೂ ಮಾಡಿದ. ಕೊಳವೆಯ ಸೀಳಿಗೆ ಮುಚ್ಚಿದ್ದ ಚರ್ಮ ಹಾಳಾಗಿ ಗಾಳಿ ಸೋರಿ, ಒಂದೇ ವರ್ಷದಲ್ಲಿ, 1848ರಲ್ಲಿ ಅದನ್ನು ಕೈಬಿಡಬೇಕಾಯಿತು. ಅಟ್ಲಾಂಟಿಕ್ ದಾಟುವ ಗ್ರೇಟ್ ವೆಸ್ಟರ್ನ್ ಹಡಗು, ಕಬ್ಬಿಣದ ಮೈಯ ಗ್ರೇಟ್ ಬ್ರಿಟನ್ ಹಡಗು ಅವನಿಗೆ ಹೆಸರು ತಂದವು.

ಅವನ ಒಂದು ಕೆಲಸ ನನಗೆ ಬಹಳ ಇಷ್ಟ. ಕ್ರಿಮಿಯಾ ಯುದ್ಧದಲ್ಲಿ ತುರ್ಕಿಯ ಉಸ್ಮಾನಿಯಾ ಸಾಮ್ರಾಜ್ಯ ಮತ್ತು ಬ್ರಿಟನ್ ಒಂದೇ ಪಕ್ಷದಲ್ಲಿದ್ದವು. ಗಾಯಾಳುಗಳು ಗುಂಡಿಗಿಂತ ಹೆಚ್ಚಾಗಿ ಆಸ್ಪತ್ರೆಯ ಕೊಳೆಯಿಂದ ಸಾಯುತ್ತಿದ್ದರು. 1855ರಲ್ಲಿ ಬ್ರೂನೆಲ್ ಮರದ ಬಿಡಿಭಾಗಗಳ ಆಸ್ಪತ್ರೆಯನ್ನು ಇಂಗ್ಲೆಂಡಿನಲ್ಲಿ ಮಾಡಿಸಿ, ಹಡಗಿನಲ್ಲಿ ಕಳಿಸಿ, ತುರ್ಕಿಯ ಡಾರ್ಡನೆಲ್ಸ್ ಜಲಸಂಧಿಯ ದಂಡೆಯ ರೆಂಕಿಯೋಯಿ ಎಂಬಲ್ಲಿ ಜೋಡಿಸುವಂತೆ ಮಾಡಿದ. ಗಾಳಿ ಓಡಾಡಲು ಫ್ಯಾನು, ನೀರು ಹೊರಹೋಗಲು ಕೊಳವೆ, ಶೌಚಾಲಯ ಎಲ್ಲ ಅದರಲ್ಲಿತ್ತು. ಅಲ್ಲಿ ಸೇರಿದ ಸುಮಾರು 1,300 ರೋಗಿಗಳಲ್ಲಿ ತೀರಿಕೊಂಡವರು ಐವತ್ತರಷ್ಟು ಮಾತ್ರ. ಸುರಂಗದಲ್ಲಿ ಗಾಯಗೊಂಡವರನ್ನು ಸಂಖ್ಯೆಯಾಗಿ ನೋಡಿದವನೇ ಇಲ್ಲಿ ಒಬ್ಬೊಬ್ಬ ರೋಗಿಗೆ ಎಷ್ಟು ಗಾಳಿ ಬೇಕೆಂದು ಲೆಕ್ಕ ಹಾಕಿದ. ಒಬ್ಬನೇ ಮನುಷ್ಯನಲ್ಲಿ ಎರಡೂ ಇರಬಹುದು.

ಕೊನೆಯ ವರ್ಷಗಳನ್ನು ಗ್ರೇಟ್ ಈಸ್ಟರ್ನ್ ಎಂಬ ದೈತ್ಯ ಹಡಗು ನುಂಗಿತು. ಸುಮಾರು 211 ಮೀಟರ್ ಉದ್ದದ ಆ ಹಡಗು ನೀರಿಗಿಳಿಯಲು ಒಪ್ಪದೆ ತಿಂಗಳುಗಟ್ಟಲೆ ಸತಾಯಿಸಿ, 1858ರ ಜನವರಿಯಲ್ಲಿ ಇಳಿಯಿತು. 1859ರ ಸೆಪ್ಟೆಂಬರ್ 5ರಂದು ಬ್ರೂನೆಲ್ ಅದರ ಮೇಲೆಯೇ ಪಾರ್ಶ್ವವಾಯುವಿನಿಂದ ಕುಸಿದ. ಪರೀಕ್ಷಾ ಪ್ರಯಾಣದಲ್ಲಿ ಹಡಗಿನೊಳಗೆ ಸ್ಫೋಟವಾಗಿ ಕೆಲಸಗಾರರು ಸತ್ತ ಸುದ್ದಿ ಹಾಸಿಗೆಯಲ್ಲಿದ್ದ ಅವನಿಗೆ ಬಂತು. ಸೆಪ್ಟೆಂಬರ್ 15ರಂದು ತೀರಿಕೊಂಡ. ವಯಸ್ಸು 53. ಅವನು ನಮ್ಮ ದೇಶಕ್ಕೆ ಬರಲಿಲ್ಲ. ಬಂಗಾಳದ ಈಸ್ಟರ್ನ್ ಬೆಂಗಾಲ್ ರೈಲ್ವೆಗೆ ದೂರದಿಂದಲೇ ಸಲಹೆಗಾರನಾಗಿದ್ದ. ಆದರೆ ಅವನ ಆ ಹಡಗು 1870ರಲ್ಲಿ ಏಡನ್ ಮತ್ತು ಮುಂಬಯಿ ನಡುವೆ ಸಮುದ್ರದ ತಳದಲ್ಲಿ ತಂತಿ ಹಾಸಿತು.

ನಮಗೆ ಏಕೆ ಬೇಕು

ನಮ್ಮ ಕಾಲೇಜಿನ ಎಷ್ಟೋ ಮಕ್ಕಳ ತಂದೆಯರು, ಅಣ್ಣಂದಿರು ಗಲ್ಫ್‌ನಲ್ಲಿ ದುಡಿಯುತ್ತಿದ್ದಾರೆ. ಕೆಲವರು ಎಂಜಿನಿಯರುಗಳು, ಕೆಲವರು ಹೆಲ್ಮೆಟ್ ಹಾಕಿಕೊಂಡು ಬಿಸಿಲಿನಲ್ಲಿ ನಿಲ್ಲುವವರು. ದೋಹಾ ಮೆಟ್ರೋದ ಸುರಂಗಗಳು ಹಾದುಹೋಗುವುದೂ ಸುಣ್ಣದ ಕಲ್ಲಿನಲ್ಲೇ. ಅಲ್ಲಿ ಕೊರೆದದ್ದು ಯಂತ್ರ, ಆದರೆ ಯಂತ್ರದ ಹಿಂದೆ ಮನುಷ್ಯರೇ ಇದ್ದರು. ಕೂಲಿಯವನ ಹಕ್ಕಿನ ಬಗ್ಗೆ ಪ್ರವಾದಿಯವರು (ಸ) ಕಲಿಸಿದ್ದನ್ನು ನಾವು ಮದ್ರಸದಲ್ಲೇ ಕೇಳಿ ಬೆಳೆದವರು. ಅದು ಪರೀಕ್ಷೆಗೆ ಬಾಯಿಪಾಠ ಮಾಡುವ ವಿಷಯವಲ್ಲ. ನಾಳೆ ನಿಮ್ಮಲ್ಲಿ ಯಾರಾದರೂ ಸೈಟ್ ಎಂಜಿನಿಯರ್ ಆಗಿ ಸಹಿ ಹಾಕುವಾಗ ಕೈಗೆ ಬರಬೇಕಾದ ವಿಷಯ.

2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ರಸ್ತೆ ಸುರಂಗ ಕುಸಿದು 41 ಕೆಲಸಗಾರರು 17 ದಿನ ಒಳಗೆ ಸಿಕ್ಕಿಬಿದ್ದರು. ಕೊರೆಯುವ ಯಂತ್ರ ಮುರಿದ ಮೇಲೆ ಕೊನೆಯ ಕೆಲವು ಮೀಟರುಗಳನ್ನು ಕೈಯಿಂದಲೇ ತೋಡಿ ಅವರನ್ನು ತಲುಪಿದವರು ಬಡ ಕೂಲಿಗಳು. ಆ ತಂಡದಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. 41 ಮಂದಿಯೂ ಜೀವಂತ ಹೊರಬಂದರು. ಬ್ರೂನೆಲ್‌ನ ಕಾಲಕ್ಕೂ ನಮ್ಮ ಕಾಲಕ್ಕೂ ಒಂದು ವ್ಯತ್ಯಾಸ ಇಲ್ಲಿದೆ. ಒಳಗಿದ್ದವರ ಹೆಸರು, ಊರು, ಮನೆಯವರ ಮುಖ ದೇಶಕ್ಕೆಲ್ಲ ಗೊತ್ತಿತ್ತು. ಹೆಸರು ಗೊತ್ತಿದ್ದದ್ದರಿಂದ ಅವರು ಬರೀ ಸಂಖ್ಯೆಯಾಗಲಿಲ್ಲ. ರತ್ನಾಗಿರಿಯಲ್ಲಿ ಕೊಂಕಣ ರೈಲ್ವೆ ಕಟ್ಟುವಾಗ ಸತ್ತ ಶ್ರಮಿಕರಿಗೆ ಸ್ಮಾರಕವಿದೆ. ಮುಂಬಯಿಗೆ ಹೋಗುವವರು ಆ ನಿಲ್ದಾಣದಲ್ಲಿ ರೈಲು ನಿಂತಾಗ ಒಮ್ಮೆ ಅವರನ್ನು ನೆನೆಯಬಹುದು.

ಬ್ರೂನೆಲ್‌ನಿಂದ ಕಲಿಯಬೇಕಾದ್ದು ಬಹಳ ಇದೆ. ಬಡತನ ಕಂಡ ಮನೆಯಿಂದ ಬಂದು, ಇಪ್ಪತ್ತಾರರಲ್ಲಿ ದೇಶದ ದೊಡ್ಡ ಕೆಲಸಕ್ಕೆ ಹೆಗಲು ಕೊಟ್ಟ ಧೈರ್ಯ. ಲೆಕ್ಕವನ್ನು ಲೆಕ್ಕದಿಂದಲೇ ಎದುರಿಸಿದ ರೀತಿ. ಸೋತಾಗ ಮತ್ತೆ ಹೊಸದಕ್ಕೆ ಕೈಹಾಕಿದ ಛಲ. ಅವನಿಂದ ಕಲಿಯಬಾರದ್ದು ಒಂದಿದೆ, ಆಸ್ಪತ್ರೆಯ ಪಟ್ಟಿಯನ್ನು ನೋಡಿ ಅವನು ಕೊಟ್ಟ ಉತ್ತರ. ಸುಣ್ಣದ ಕಲ್ಲಿನ ಬಿರುಕನ್ನು ಮೊದಲೇ ಹುಡುಕಿ ಆಸರೆ ಕೊಡುವುದು ಒಳ್ಳೆಯ ಎಂಜಿನಿಯರನ ಕೆಲಸ. ಆ ಕಲ್ಲಿನ ಕೆಳಗೆ ನಿಂತವನ ಹೆಸರು ತಿಳಿದುಕೊಂಡಿರುವುದೂ ಅವನದೇ ಕೆಲಸ.